ವಯಸ್ಕರ ಅವಧಾನ ನ್ಯೂನತೆ ಮತ್ತು ಅಂತರ್ಜಾಲದ ಮೂಲಕ ಔಷಧ ನಿರ್ವಹಣೆ: ಮೌಲ್ಯಮಾಪನದ ಕೆಲವು ಸೂತ್ರಗಳು

ಅವಧಾನ ಎಂಬ ಶಬ್ದ ಕನ್ನಡಿಗರಿಗೆ ಹೊಸದಲ್ಲ. ಎಂಟು ಜನ ಪೃಚ್ಛಕರನ್ನು ಎದುರಿಗೆ ಇಟ್ಟುಕೊಂಡು, ನಡುನಡುವೆ ಗಂಟೆಯ ನಾದವನ್ನು ಎಣಿಸುತ್ತ, ಅಪ್ರಸ್ತುತ ಪ್ರಸಂಗಿಗೂ ಉತ್ತರ ಕೊಡುತ್ತ, ಬಿಟ್ಟ ಪದ್ಯವನ್ನು ಬಿಟ್ಟ ಪಾದದಿಂದಲೇ ಮುಂದುವರಿಸುವ ಅಷ್ಟಾವಧಾನಿಯನ್ನು ಕಂಡವರಿಗೆ, ಅವಧಾನವೆಂದರೆ ಒಂದೇ ವಸ್ತುವಿನಲ್ಲಿ ಮನಸ್ಸನ್ನು ನೆಡುವುದಷ್ಟೇ ಅಲ್ಲ, ಬೇಕಾದಾಗ ಬೇಕಾದೆಡೆಗೆ ಅದನ್ನು ತಿರುಗಿಸಿ ಮತ್ತೆ ಹಿಂದಕ್ಕೆ ತರುವ ಶಕ್ತಿಯೂ ಹೌದು ಎಂಬುದು ವಿದಿತವೇ ಆಗಿದೆ. ಈ ಶಕ್ತಿ ಬಾಲ್ಯದಿಂದಲೂ ಕುಂಠಿತವಾಗಿರುವ ಸ್ಥಿತಿಯನ್ನು ಅವಧಾನ ನ್ಯೂನತೆ ಮತ್ತು ಅತಿಚಟುವಟಿಕೆಯ ದೋಷ ಎಂದು ಕರೆಯಬಹುದು. ಎ.ಡಿ.ಎಚ್.ಡಿ. ಎಂಬ ಸಂಕ್ಷಿಪ್ತ ನಾಮವೇ ಇಂದು ಹೆಚ್ಚು ಬಳಕೆಯಲ್ಲಿದೆ.

ಇದು ಮಕ್ಕಳಲ್ಲಿ ಮಾತ್ರ ಕಾಣತಕ್ಕದ್ದು, ಬೆಳೆದಂತೆ ತಾನಾಗಿಯೇ ಹೋಗತಕ್ಕದ್ದು ಎಂಬ ನಂಬಿಕೆ ಬಹುಕಾಲ ಇದ್ದಿತು. ಆ ನಂಬಿಕೆ ಸಡಿಲವಾದ ಮೇಲೆ ಚಿಕಿತ್ಸೆಯನ್ನು ಬಯಸುವ ವಯಸ್ಕರ ಸಂಖ್ಯೆ ಹೆಚ್ಚಿತು. ಅವರ ಅಗತ್ಯವನ್ನು ಪೂರೈಸುವುದಕ್ಕೆಂದು, ದೂರವಾಣಿಯ ಪರದೆಯಲ್ಲೇ ರೋಗಿಯನ್ನು ಕಂಡು ಔಷಧವನ್ನು ಬರೆದುಕೊಡುವ ಸೇವೆಗಳು ಹುಟ್ಟಿಕೊಂಡವು. ಇಂತಹ ಸೇವೆಯ ಗುಣದೋಷಗಳನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. ಈ ಸೇವೆಗಳು ದೊಡ್ಡ ಪ್ರಮಾಣದಲ್ಲಿ ಬೆಳೆದು, ಅವುಗಳ ಫಲಾಫಲಗಳು ಸರ್ಕಾರಿ ದಾಖಲೆಗಳಲ್ಲಿ ಪ್ರಕಟವಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಆದುದರಿಂದ ಆ ದೇಶದ ಅನುಭವವನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು, ಕೊನೆಯಲ್ಲಿ ನಮ್ಮ ದೇಶದ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡಲಾಗುವುದು.

1. ರೋಗನಿರ್ಣಯದ ತೊಡಕು

ಈ ದೋಷವನ್ನು ಪತ್ತೆಹಚ್ಚಲು ರಕ್ತಪರೀಕ್ಷೆಯಾಗಲಿ ಮಿದುಳಿನ ಚಿತ್ರವಾಗಲಿ ಇಲ್ಲ. ರೋಗಿಯ ಚರಿತ್ರೆಯೊಂದೇ ಆಧಾರ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಐದನೆಯ ಲಕ್ಷಣಕೋಶದ ಪ್ರಕಾರ, ಅವಧಾನಕ್ಕೆ ಸಂಬಂಧಪಟ್ಟ ಒಂಬತ್ತು ಲಕ್ಷಣಗಳೂ ಅತಿಚಟುವಟಿಕೆ ಹಾಗೂ ದುಡುಕಿಗೆ ಸಂಬಂಧಪಟ್ಟ ಒಂಬತ್ತು ಲಕ್ಷಣಗಳೂ ಉಂಟು. 17 ವರ್ಷ ತುಂಬಿದವರಲ್ಲಿ ಯಾವುದಾದರೂ ಒಂದು ಗುಂಪಿನ ಐದು ಲಕ್ಷಣಗಳಾದರೂ ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು; ಮನೆ, ಶಾಲೆ, ಕಚೇರಿ ಮೊದಲಾದವುಗಳಲ್ಲಿ ಎರಡು ಕಡೆಯಲ್ಲಾದರೂ ತೊಂದರೆ ಕೊಡುತ್ತಿರಬೇಕು; ಬೇರೊಂದು ಕಾಯಿಲೆಯಿಂದ ಅವು ಉಂಟಾದುವಲ್ಲ ಎಂಬುದೂ ಸ್ಥಿರಪಡಬೇಕು. ಈ ಕೊನೆಯ ಅಂಶ ಬಹಳ ಮುಖ್ಯ. ನಿದ್ರೆಗೆಟ್ಟವನೂ ಚಿಂತೆಯಿಂದ ಕುದಿಯುವವನೂ ಖಿನ್ನನಾದವನೂ ಥೈರಾಯ್ಡ್ ಗ್ರಂಥಿಯ ವಿಕಾರವುಳ್ಳವನೂ ‘ನನಗೆ ಯಾವುದರಲ್ಲಿಯೂ ಗಮನ ನಿಲ್ಲುವುದಿಲ್ಲ’ ಎಂದೇ ದೂರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಿದ್ಧವಾದ ಆರು ಪ್ರಶ್ನೆಗಳ ಒಂದು ಪಟ್ಟಿ ಅಂತರ್ಜಾಲದ ಸೇವೆಗಳಲ್ಲಿ ಪ್ರಚಾರದಲ್ಲಿದೆ. ಅದು ಹೆಚ್ಚಿನ ಪರೀಕ್ಷೆಗೆ ಯಾರನ್ನು ಕಳುಹಿಸಬೇಕೆಂದು ತೋರಿಸುವ ಜರಡಿ. ಅದನ್ನೇ ತೀರ್ಪೆಂದು ತಿಳಿದರೆ ಎಂತಹ ಪ್ರಮಾದವಾಗುವುದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗಾಗಿ 1000 ಜನರ ಒಂದು ಸಮೂಹದಲ್ಲಿ 60 ಜನರಿಗೆ ಈ ದೋಷ ಇದೆಯೆಂದು ಕಲ್ಪಿಸಿಕೊಳ್ಳೋಣ. ಜರಡಿಯು ದೋಷವುಳ್ಳವರಲ್ಲಿ ನೂರಕ್ಕೆ 70 ಜನರನ್ನು ಸರಿಯಾಗಿ ಹಿಡಿಯುತ್ತದೆ, ದೋಷವಿಲ್ಲದವರಲ್ಲಿ ನೂರಕ್ಕೆ 10 ಜನರನ್ನು ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ 60ರಲ್ಲಿ 42 ಜನ, ಉಳಿದ 940ರಲ್ಲಿ 94 ಜನ, ಅಂತೂ 136 ಜನ ಅದರ ಮೇಲೆ ಉಳಿಯುತ್ತಾರೆ. ಇವರಲ್ಲಿ ನಿಜವಾದ ರೋಗಿಗಳು ಮೂರನೆಯ ಒಂದು ಪಾಲಿಗಿಂತಲೂ ಕಡಮೆ. ಸೇವೆಯನ್ನು ತಾವಾಗಿಯೇ ಹುಡುಕಿಕೊಂಡು ಬರುವವರಲ್ಲಿ ನಿಜವಾದ ರೋಗಿಗಳ ಪ್ರಮಾಣ ಇದಕ್ಕಿಂತ ಹೆಚ್ಚಿರಬಹುದು. ಆದರೂ ಜರಡಿಯ ಅನಂತರದ ವಿಚಾರಣೆ ಅನಿವಾರ್ಯವೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

2. ಔಷಧ ನಿರ್ವಹಣೆ ಎಂದರೇನು?

1937ರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯರು ಬೆಂಜೆಡ್ರಿನ್ ಎಂಬ ಆಂಫೆಟಮೀನ್ ಔಷಧವನ್ನು ಮಕ್ಕಳಿಗೆ ಕೊಟ್ಟು, ಅವರಲ್ಲಿ ಹಲವರ ಓದೂ ನಡತೆಯೂ ಸುಧಾರಿಸಿದುದನ್ನು ವರದಿಮಾಡಿದರು. ಮಿಥೈಲ್‌ಫೆನಿಡೇಟ್ 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲು ತಯಾರಾಯಿತು. ಉತ್ತೇಜಕಗಳೆಂಬ ವರ್ಗಕ್ಕೆ ಸೇರಿದ ಈ ಎರಡು ಔಷಧಗಳೇ ಇಂದಿಗೂ ಚಿಕಿತ್ಸೆಯಲ್ಲಿ ಪ್ರಧಾನವಾಗಿವೆ. ಉತ್ತೇಜಕವಲ್ಲದ ಆಟಮಾಕ್ಸಿಟೀನ್‌ಗೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಅದರ ಪೂರ್ಣಫಲ ಕಾಣಲು ಕೆಲವು ವಾರಗಳು ಬೇಕು. ಉತ್ತೇಜಕಗಳ ಪರಿಣಾಮವಾದರೋ ನುಂಗಿದ ದಿನವೇ ತಿಳಿಯುತ್ತದೆ. ಸೂಕ್ತವಾದ ರೋಗಿಗೆ ಸೂಕ್ತವಾದ ಪ್ರಮಾಣದಲ್ಲಿ ಕೊಟ್ಟಾಗ, ಕೆಲವು ವಾರಗಳ ಅವಧಿಯ ಪ್ರಯೋಗಗಳಲ್ಲಿ, ಅವು ಪರಿಣಾಮಕಾರಿಯೆಂದು ಸಾಕಷ್ಟು ಸಿದ್ಧಪಟ್ಟಿದೆ.

ಅಪಾಯಗಳೂ ಇಲ್ಲದಿಲ್ಲ. ನಾಡಿಯ ಬಡಿತವೂ ರಕ್ತದ ಒತ್ತಡವೂ ಏರಬಹುದು. ಹಸಿವು ನಿದ್ರೆಗಳು ಕುಗ್ಗಬಹುದು. ಹೃದ್ರೋಗವುಳ್ಳವರಿಗೂ, ಹಿಂದೆ ಉನ್ಮಾದ ಅಥವಾ ಚಿತ್ತಭ್ರಮೆಗೆ ಒಳಗಾದವರಿಗೂ ಕೇಡು ಹೆಚ್ಚು. ದುರುಪಯೋಗ, ಚಟ, ಒಬ್ಬರಿಗೆ ಬರೆದುಕೊಟ್ಟುದನ್ನು ಇನ್ನೊಬ್ಬರು ಸೇವಿಸುವುದು ಇವೂ ಉಂಟು. ಈ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರ ಮೇ ತಿಂಗಳಿನಲ್ಲಿ ಎಲ್ಲ ಉತ್ತೇಜಕಗಳ ಮೇಲಿನ ಎಚ್ಚರಿಕೆಯ ಒಕ್ಕಣೆಯನ್ನು ಪರಿಷ್ಕರಿಸಬೇಕೆಂದು ವಿಧಿಸಿತು.

ಆದುದರಿಂದ ಔಷಧವನ್ನು ಕೊಡುವುದು ಬೇರೆ, ನಿರ್ವಹಿಸುವುದು ಬೇರೆ. ಚೀಟಿ ಬರೆಯುವುದು ಒಂದು ಕ್ಷಣದ ಕೆಲಸ. ನಿರ್ವಹಣೆ ತಿಂಗಳುಗಟ್ಟಲೆ ನಡೆಯತಕ್ಕ ಕೆಲಸ: ಮೊದಲು ಹೃದಯದ ಚರಿತ್ರೆಯನ್ನು ವಿಚಾರಿಸಿ, ನಾಡಿ, ರಕ್ತದ ಒತ್ತಡ, ದೇಹದ ತೂಕಗಳನ್ನು ಬರೆದಿಟ್ಟುಕೊಳ್ಳುವುದು, ಅಲ್ಪಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುವುದು, ಫಲವನ್ನೂ ಪಾರ್ಶ್ವಪರಿಣಾಮವನ್ನೂ ತೂಗಿನೋಡಿ ನಿಲ್ಲಿಸಬೇಕಾದೆಡೆ ನಿಲ್ಲಿಸುವುದು. ಬ್ರಿಟನ್ನಿನ ನೈಸ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಪ್ರಮಾಣವನ್ನು ಬದಲಿಸುವ ಮೊದಲೂ ಬದಲಿಸಿದ ಮೇಲೂ ಮತ್ತು 6 ತಿಂಗಳಿಗೊಮ್ಮೆಯೂ ನಾಡಿಯನ್ನೂ ರಕ್ತದ ಒತ್ತಡವನ್ನೂ ನೋಡಬೇಕೆಂದೂ, ಔಷಧವನ್ನು ಮುಂದುವರಿಸುವುದು ಅಗತ್ಯವೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಪುನರ್ವಿಮರ್ಶಿಸಬೇಕೆಂದೂ ಹೇಳುತ್ತದೆ.

3. ಸೇವೆಗಳ ಉದಯ

ಕ್ಯಾಲಿಫೋರ್ನಿಯದ ರಯಾನ್ ಹೇಟ್ ಎಂಬ 18 ವರ್ಷದ ತರುಣನು, ತನ್ನನ್ನು ಎಂದೂ ಕಾಣದ ವೈದ್ಯನೊಬ್ಬನ ಚೀಟಿಯ ಆಧಾರದಿಂದ ಅಂತರ್ಜಾಲದಲ್ಲಿ ಕೊಂಡ ನೋವುನಿವಾರಕವನ್ನು ಸೇವಿಸಿ 2001ರಲ್ಲಿ ಮೃತನಾದನು. ಅವನ ಹೆಸರನ್ನು ಹೊತ್ತ ಶಾಸನವೊಂದು 2008ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಗಿ, ನಿಯಂತ್ರಿತ ಔಷಧಗಳನ್ನು ಅಂತರ್ಜಾಲದ ಮೂಲಕ ಬರೆಯುವ ವೈದ್ಯನು ಸಾಮಾನ್ಯವಾಗಿ ಒಮ್ಮೆಯಾದರೂ ರೋಗಿಯನ್ನು ಸಾಕ್ಷಾತ್ತಾಗಿ ಪರೀಕ್ಷಿಸಿರಬೇಕೆಂದು ವಿಧಿಸಿತು. 2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ಈ ನಿಬಂಧನೆಯನ್ನು ಸಡಿಲಿಸಲಾಯಿತು. ಆ ಸಡಿಲಿಕೆಯನ್ನು ಮುಂದೆ ಹಲವು ಸಲ ವಿಸ್ತರಿಸಲಾಯಿತು. ಈ ಬಾಗಿಲಿನಿಂದಲೇ ಅನೇಕ ವಾಣಿಜ್ಯ ಸಂಸ್ಥೆಗಳು ಕ್ಷೇತ್ರವನ್ನು ಪ್ರವೇಶಿಸಿದವು.

ಅಮೆರಿಕದ ರೋಗನಿಯಂತ್ರಣ ಕೇಂದ್ರವು 2023ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ನಡೆಸಿದ ಸಮೀಕ್ಷೆಯಿಂದ ಬೇಡಿಕೆಯ ಗಾತ್ರ ತಿಳಿಯುತ್ತದೆ. ಆ ದೇಶದಲ್ಲಿ ಅಂದಾಜು 1 ಕೋಟಿ 55 ಲಕ್ಷ ವಯಸ್ಕರು, ಎಂದರೆ ನೂರಕ್ಕೆ 6 ಜನ, ತಮಗೆ ಈ ದೋಷವಿರುವುದಾಗಿ ನಿರ್ಣಯವಾಗಿದೆಯೆಂದು ಹೇಳಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನಿರ್ಣಯವಾದುದು 18 ವರ್ಷ ತುಂಬಿದ ಮೇಲೆ. ಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಇದಕ್ಕಾಗಿ ದೂರವೈದ್ಯ ಸೇವೆಯನ್ನು ಬಳಸಿದ್ದರು. ಉತ್ತೇಜಕಗಳನ್ನು ಸೇವಿಸುತ್ತಿದ್ದವರಲ್ಲಿ ನೂರಕ್ಕೆ 71ಕ್ಕೂ ಹೆಚ್ಚು ಜನರಿಗೆ ಹಿಂದಿನ ಒಂದು ವರ್ಷದಲ್ಲಿ ಅಂಗಡಿಗಳಲ್ಲಿ ಔಷಧ ಸಿಕ್ಕದೆ ತೊಂದರೆಯಾಗಿತ್ತು.

ಈ ಸೇವೆಗಳನ್ನು ವ್ಯಾಪಾರವೆಂದು ಒಮ್ಮೆಗೇ ತಳ್ಳಿಹಾಕುವುದು ನ್ಯಾಯವಲ್ಲ. ಮರೆವು, ಕಾಲಪ್ರಜ್ಞೆಯ ಅಭಾವ, ಮಾಡಬೇಕಾದ ಕೆಲಸವನ್ನು ನಾಳೆಗೆ ದೂಡುವುದು ಇವು ಈ ದೋಷದ ಮುಖ್ಯ ಲಕ್ಷಣಗಳು. ವೈದ್ಯರ ಬಳಿ ದಿನ ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಕಾದು, ಹಳೆಯ ಕಾಗದಗಳನ್ನು ಹುಡುಕಿ, ಕೆಲಸಕ್ಕೆ ರಜೆ ಹಾಕಿ ಹೋಗಬೇಕೆಂದರೆ, ಯಾವ ಶಕ್ತಿಯ ಕೊರತೆಗೆ ಚಿಕಿತ್ಸೆ ಬೇಕಾಗಿದೆಯೋ ಆ ಶಕ್ತಿಯನ್ನೇ ರೋಗಿಯಿಂದ ಮುಂಗಡವಾಗಿ ಕೇಳಿದಂತಾಯಿತು. ಮನೆಯಿಂದಲೇ ವೈದ್ಯರನ್ನು ಕಾಣುವ ಸೌಲಭ್ಯ ಇಂತಹವನಿಗೆ ನಿಜವಾದ ಉಪಕಾರ. ಆದರೆ ದುಡುಕೂ ಇದೇ ದೋಷದ ಲಕ್ಷಣ. ಜಾಹೀರಾತನ್ನು ಕಂಡೊಡನೆ ಹಣ ಕಟ್ಟುವವನೂ, ತಿಂಗಳ ಚಂದಾ ತಾನಾಗಿಯೇ ಕಡಿತವಾಗುತ್ತಿರುವುದನ್ನು ಗಮನಿಸದವನೂ ಅವನೇ. ರೋಗಿಗೆ ದಾರಿಯನ್ನು ಸುಗಮಗೊಳಿಸುವ ವ್ಯವಸ್ಥೆಯೇ ಅವನ ದೌರ್ಬಲ್ಯದಿಂದ ಲಾಭ ಪಡೆಯಲೂ ಸಮರ್ಥವಾಗಿದೆ ಎಂಬುದನ್ನು ಮೌಲ್ಯಮಾಪಕನು ಎಂದಿಗೂ ಮರೆಯಬಾರದು.

4. ಎರಡು ನಿದರ್ಶನಗಳು

ಸೆರೆಬ್ರಲ್ ಎಂಬ ಸಂಸ್ಥೆ ಕೆಲವೇ ವರ್ಷಗಳಲ್ಲಿ ಬಹಳ ದೊಡ್ಡದಾಗಿ ಬೆಳೆಯಿತು. ಅದರ ಔಷಧ ಬರೆಯುವ ಕ್ರಮದ ಬಗ್ಗೆ ಪ್ರಶ್ನೆಗಳು ಎದ್ದ ಮೇಲೆ, 2022ರ ಮೇ ತಿಂಗಳಿನಲ್ಲಿ ನಿಯಂತ್ರಿತ ಔಷಧಗಳನ್ನು ಬರೆಯುವುದನ್ನು ನಿಲ್ಲಿಸುವುದಾಗಿ ಸಾರಿತು. 2024ರ ಏಪ್ರಿಲಿನಲ್ಲಿ ಅಮೆರಿಕದ ವಾಣಿಜ್ಯ ಆಯೋಗವು ಅದರ ಮೇಲೆ ಎರಡು ಮುಖ್ಯ ಆರೋಪಗಳನ್ನು ಹೊರಿಸಿತು. ಸುಮಾರು 32 ಲಕ್ಷ ಜನರ ಖಾಸಗಿ ವಿವರಗಳನ್ನು ಅದು ಜಾಹೀರಾತಿಗೆ ಸಂಬಂಧಪಟ್ಟ ಬೇರೆ ಕಂಪನಿಗಳಿಗೆ ಒದಗಿಸಿತೆಂಬುದು ಒಂದು. ಚಂದಾವನ್ನು ರದ್ದುಪಡಿಸುವ ಕ್ರಮವನ್ನು ಬೇಕೆಂದೇ ಜಟಿಲವಾಗಿಟ್ಟಿತೆಂಬುದು ಇನ್ನೊಂದು. 70 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ತೆರಲು ಸಂಸ್ಥೆ ಒಪ್ಪಿತು. ಉತ್ತೇಜಕಗಳನ್ನು ಹೆಚ್ಚಾಗಿ ಬರೆಯುವಂತೆ ಪ್ರೇರೇಪಿಸಿದ ಕ್ರಮಗಳಿಗಾಗಿ 2024ರ ನವೆಂಬರಿನಲ್ಲಿ 36 ಲಕ್ಷ ಡಾಲರಿಗೂ ಮೀರಿದ ಮತ್ತೊಂದು ಮೊತ್ತಕ್ಕೆ ಒಪ್ಪಿಕೊಂಡಿತು.

ಡನ್ ಎಂಬ ಸಂಸ್ಥೆಯ ಪ್ರಕರಣ ಇನ್ನೂ ಗಂಭೀರವಾದದ್ದು. 2024ರ ಜೂನ್ ತಿಂಗಳಿನಲ್ಲಿ ಅದರ ಸ್ಥಾಪಕಿಯೂ ವೈದ್ಯಕೀಯ ವಿಭಾಗದ ಅಧ್ಯಕ್ಷರೂ ಬಂಧಿತರಾದರು. ಸರ್ಕಾರದ ಆಪಾದನೆಯಂತೆ 4 ಕೋಟಿಗೂ ಹೆಚ್ಚು ಉತ್ತೇಜಕ ಮಾತ್ರೆಗಳು ಈ ಸಂಸ್ಥೆಯ ಮೂಲಕ ಹರಿದಿದ್ದವು. ಮೊದಲ ಸಂದರ್ಶನದ ಅವಧಿಯನ್ನು ಮೊಟಕುಗೊಳಿಸಿದುದು, ಮುಂದಿನ ಸಂದರ್ಶನಗಳಿಗಾಗಿ ವೈದ್ಯರಿಗೆ ಹಣ ಕೊಡದಿದ್ದುದು, ರೋಗಿಯನ್ನು ಮತ್ತೆ ನೋಡದೆಯೇ ಔಷಧ ಮುಂದುವರಿಯುವಂತೆ ಏರ್ಪಡಿಸಿದುದು ಆಪಾದನೆಯ ಮುಖ್ಯಾಂಶಗಳು. 2025ರ ನವೆಂಬರಿನಲ್ಲಿ ಜ್ಯೂರಿಯು ಇಬ್ಬರನ್ನೂ ಅಪರಾಧಿಗಳೆಂದು ನಿರ್ಣಯಿಸಿತು.

ಈ ಪ್ರಕರಣಕ್ಕೆ ಇನ್ನೊಂದು ಮುಖವುಂಟು. ಬಂಧನದ ಸುದ್ದಿ ಹೊರಬಿದ್ದ ದಿನವೇ ರೋಗನಿಯಂತ್ರಣ ಕೇಂದ್ರವು ಒಂದು ಎಚ್ಚರಿಕೆಯನ್ನು ಪ್ರಕಟಿಸಿ, 30,000ದಿಂದ 50,000 ವಯಸ್ಕ ರೋಗಿಗಳ ಚಿಕಿತ್ಸೆಗೆ ಭಂಗ ಬರಬಹುದೆಂದೂ, ಔಷಧ ಸಿಕ್ಕದವರು ಕಳ್ಳಮಾರುಕಟ್ಟೆಯ ಮಾತ್ರೆಗಳ ಮೊರೆಹೊಕ್ಕರೆ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳಿಂದ ಪ್ರಾಣಾಪಾಯ ಒದಗಬಹುದೆಂದೂ ವೈದ್ಯರನ್ನು ಎಚ್ಚರಿಸಿತು. ಈ ರೋಗಿಗಳಲ್ಲಿ ಅನೇಕರು ನಿಜವಾಗಿಯೂ ಚಿಕಿತ್ಸೆ ಬೇಕಾದವರೇ ಇರಬೇಕು. ಅವರ ಚರಿತ್ರೆಯನ್ನು ಬಲ್ಲ ಬೇರೊಬ್ಬ ವೈದ್ಯನು ಊರಿನಲ್ಲಿ ಇಲ್ಲದೆ ಹೋದರೆ, ಸಂಸ್ಥೆಯ ಪಾಪದ ಫಲವನ್ನು ಉಣ್ಣುವವನು ರೋಗಿಯೇ.

5. ಅಳತೆಗೋಲುಗಳು

ಮೇಲಿನ ವಿವೇಚನೆಯಿಂದ, ಇಂತಹ ಸೇವೆಯನ್ನು ಪರೀಕ್ಷಿಸುವವರು ಕೇಳಬೇಕಾದ ಆರು ಪ್ರಶ್ನೆಗಳನ್ನು ಸಂಗ್ರಹಿಸಬಹುದು.

ಮೊದಲನೆಯದು: ಬಂದವರಲ್ಲಿ ಎಷ್ಟು ಜನರಿಗೆ ‘ನಿಮಗೆ ಈ ದೋಷವಿಲ್ಲ’ ಅಥವಾ ‘ಈ ಔಷಧ ನಿಮಗೆ ತಕ್ಕದ್ದಲ್ಲ’ ಎಂದು ಹೇಳಲಾಯಿತು? ಯಾರನ್ನೂ ಹಿಂದಕ್ಕೆ ಕಳುಹಿಸದ ಪರೀಕ್ಷೆಯನ್ನು ಪರೀಕ್ಷೆಯೆಂದು ಕರೆಯಲಾಗದು. ಎರಡನೆಯದು: ಔಷಧವನ್ನು ಬರೆಯುವವರು ಯಾರು, ಅವರಿಗೆ ಯಾವುದಕ್ಕಾಗಿ ಸಂಭಾವನೆ ಸಲ್ಲುತ್ತದೆ? ರೋಗಿಯೊಡನೆ ಕಳೆದ ಕಾಲಕ್ಕೋ, ಬರೆದ ಚೀಟಿಗೋ? ಮೂರನೆಯದು: ಬಾಲ್ಯದ ಚರಿತ್ರೆಯನ್ನು ರೋಗಿಯ ಹೊರತು ಬೇರೆ ಯಾರಿಂದಲಾದರೂ ವಿಚಾರಿಸಲಾಯಿತೇ? ನಾಲ್ಕನೆಯದು: ಔಷಧ ಸೇವಿಸುತ್ತಿರುವವರಲ್ಲಿ ಎಷ್ಟು ಜನರ ನಾಡಿ, ರಕ್ತದ ಒತ್ತಡ, ತೂಕಗಳು ಕಳೆದ 6 ತಿಂಗಳಲ್ಲಿ ದಾಖಲಾಗಿವೆ? ಪರದೆಯ ಮೂಲಕ ರಕ್ತದ ಒತ್ತಡವನ್ನು ಅಳೆಯಲು ಬಾರದು. ಮನೆಯ ಉಪಕರಣದಿಂದಲೋ ಹತ್ತಿರದ ದವಾಖಾನೆಯಿಂದಲೋ ಅದನ್ನು ತರಿಸಿಕೊಳ್ಳುವ ಏರ್ಪಾಡು ಇರಬೇಕು. ಐದನೆಯದು: ರೋಗಿಯ ವಿವರಗಳು ಯಾರ ಕೈಸೇರುತ್ತವೆ, ಸೇವೆಯನ್ನು ಬಿಡುವುದು ಸೇರಿದಷ್ಟೇ ಸುಲಭವೇ? ಆರನೆಯದು: ಸಂಸ್ಥೆ ನಾಳೆ ಮುಚ್ಚಿದರೆ ರೋಗಿಯ ಕಾಗದಪತ್ರಗಳೊಡನೆ ಅವನನ್ನು ಯಾರ ವಶಕ್ಕೆ ಒಪ್ಪಿಸಲಾಗುವುದು?

ಸಂಶೋಧನೆಯನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಇಲ್ಲಿ ಎರಡು ಭ್ರಾಂತಿಗಳಿಂದ ದೂರವಿರಬೇಕು. ಗ್ರಾಹಕರ ತೃಪ್ತಿಯನ್ನು ಗುಣದ ಪ್ರಮಾಣವೆಂದು ಭಾವಿಸುವುದು ಮೊದಲನೆಯದು. ಕೇಳಿದ ಔಷಧ ಸಿಕ್ಕಿದವನು ತೃಪ್ತನಾಗುವನು. ವಿಚಾರಮಾಡಿ ನಿರಾಕರಿಸಿದ ವೈದ್ಯನ ಮೇಲೆ ಅತೃಪ್ತಿ ಸಹಜ. ಆಗ ಸಡಿಲವಾದ ಸೇವೆಗೆ ಹೆಚ್ಚು ಅಂಕಗಳೂ ಎಚ್ಚರದ ಸೇವೆಗೆ ಕಡಮೆ ಅಂಕಗಳೂ ಬೀಳುತ್ತವೆ. ಇದಲ್ಲದೆ, 100 ಜನ ಸೇರಿ 60 ಜನ ನಡುವೆ ಬಿಟ್ಟುಹೋಗಿದ್ದರೆ, ಉಳಿದ 40 ಜನರ ಅಭಿಪ್ರಾಯದಿಂದ ಸೇವೆಯನ್ನು ಅಳೆಯುವುದು ಸರಿಯಲ್ಲ. ಬಿಟ್ಟವರ ಗತಿ ಏನಾಯಿತೆಂಬುದೇ ಅಲ್ಲಿ ತಿಳಿಯಬೇಕಾದ ಸಂಗತಿ. ಚಿಕಿತ್ಸೆಗೆ ಮೊದಲಿನ ಅಂಕವನ್ನೂ ಅನಂತರದ ಅಂಕವನ್ನೂ ಹೋಲಿಸಿ, ವ್ಯತ್ಯಾಸವೆಲ್ಲ ಸೇವೆಯ ಫಲವೆಂದು ಹೇಳುವುದು ಎರಡನೆಯ ಭ್ರಾಂತಿ. ಮನುಷ್ಯನು ಸಹಾಯವನ್ನು ಬೇಡುವುದು ಸಾಮಾನ್ಯವಾಗಿ ತನ್ನ ಕಷ್ಟ ಅತ್ಯಧಿಕವಾಗಿರುವಾಗ. ಏನೂ ಮಾಡದಿದ್ದರೂ ಅದರಲ್ಲಿ ಕೆಲವಂಶ ಇಳಿಯುವ ಸಂಭವವುಂಟು. ಸಾಕ್ಷಾತ್ ಪರೀಕ್ಷೆಗೆ ಹೋಗುವ ತತ್ಸಮಾನ ರೋಗಿಗಳ ಗುಂಪಿನೊಡನೆ, ಒಂದು ವರ್ಷದ ಅವಧಿಯವರೆಗಾದರೂ ಹೋಲಿಸಿದ ಹೊರತು ಸೇವೆಯ ನಿಜವಾದ ಬೆಲೆ ತಿಳಿಯದು.

6. ನಮ್ಮ ದೇಶದ ಸ್ಥಿತಿ

ಭಾರತದಲ್ಲಿ 2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯ ಮಾರ್ಗಸೂಚಿಯು, ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೆ ಸೇರಿದ ಔಷಧಗಳನ್ನೂ, 1985ರ ಮಾದಕದ್ರವ್ಯ ಶಾಸನದ ಪಟ್ಟಿಗೆ ಸೇರಿದ ದ್ರವ್ಯಗಳನ್ನೂ ಸಾಮಾನ್ಯವಾಗಿ ನಿಷಿದ್ಧವರ್ಗದಲ್ಲಿರಿಸಿತು. ಮಿಥೈಲ್‌ಫೆನಿಡೇಟ್ ಈ ಎರಡರಲ್ಲಿಯೂ ಸೇರಿದೆ. ‘ಎಕ್ಸ್’ ಅನುಸೂಚಿಯ ಔಷಧಕ್ಕೆ ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಆದಕಾರಣ ಅಮೆರಿಕದ ಮಾದರಿಯ ಸೇವೆ ಇಲ್ಲಿ ಉತ್ತೇಜಕಗಳ ವಿಷಯದಲ್ಲಿ ನಡೆಯುವಂತಿಲ್ಲ. ಆ ದೇಶದಲ್ಲಿ ಚಿಕಿತ್ಸೆಯಲ್ಲಿದ್ದು ಊರಿಗೆ ಹಿಂದಿರುಗುವ ಕನ್ನಡಿಗರು ಇದನ್ನು ಮೊದಲೇ ತಿಳಿದು, ಇಲ್ಲಿಯ ಮನೋವೈದ್ಯರನ್ನು ಸಾಕ್ಷಾತ್ತಾಗಿ ಕಾಣುವ ಏರ್ಪಾಡನ್ನು ಮಾಡಿಕೊಳ್ಳುವುದು ಅಗತ್ಯ.

ಈ ನಿಷೇಧದಿಂದ ದುರುಪಯೋಗಕ್ಕೆ ತಡೆಯಾಗಿದೆ. ಆದರೆ ದೂರದ ತಾಲ್ಲೂಕಿನ ರೋಗಿಗೆ ಪ್ರತಿ ಚೀಟಿಗೂ ನಗರಕ್ಕೆ ಪ್ರಯಾಣ ತಪ್ಪಿದ್ದಲ್ಲ. ನಿಷಿದ್ಧ ಔಷಧವನ್ನು ಬರೆಯುವುದೊಂದನ್ನು ಬಿಟ್ಟರೆ ನಿರ್ವಹಣೆಯ ಉಳಿದ ಭಾಗಗಳಿಗೆ ದೂರವೈದ್ಯವು ನಮ್ಮಲ್ಲಿಯೂ ಉಪಯುಕ್ತವಾಗಬಲ್ಲುದು. ಚರಿತ್ರೆಯ ಸಂಗ್ರಹ, ಪಾರ್ಶ್ವಪರಿಣಾಮಗಳ ವಿಚಾರಣೆ, ದಿನಚರಿಯನ್ನು ರೂಪಿಸಿಕೊಳ್ಳುವ ಶಿಕ್ಷಣ ಇವುಗಳಿಗೆ ಯಾವ ಅಡ್ಡಿಯೂ ಇಲ್ಲ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಪ್ರಾರಂಭವಾದ ಟೆಲಿ-ಮಾನಸ್ ಸೇವೆಯು, ದೂರವಾಣಿಯ ಮೂಲಕ ಮಾನಸಿಕ ನೆರವನ್ನು ಜನರ ಬಳಿಗೆ ಒಯ್ಯುವುದು ಸಾಧ್ಯವೆಂಬುದಕ್ಕೆ ನಿದರ್ಶನವಾಗಿದೆ.

ಒಂದು ಕಾರ್ಯದಲ್ಲಂತೂ ಪರದೆಯು ವೈದ್ಯಶಾಲೆಯನ್ನು ಮೀರಿಸಬಲ್ಲುದು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಹಾಸನದ ತರುಣನೊಬ್ಬ ಮೂವತ್ತನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಹೋದನೆನ್ನೋಣ. ಹನ್ನೆರಡು ವರ್ಷಕ್ಕೆ ಮೊದಲು ಅವನು ಹೇಗಿದ್ದನೆಂಬುದನ್ನು ಬಲ್ಲವರು ಸಾವಿರಾರು ಮೈಲಿ ದೂರದಲ್ಲಿದ್ದಾರೆ. ಅವನ ತಾಯಿಯನ್ನು ಪರದೆಯ ಮುಂದೆ ಕೂರಿಸಿ, ಶಾಲೆಗೆ ಎಷ್ಟು ಸಲ ಪುಸ್ತಕ ಮರೆತು ಹೋಗುತ್ತಿದ್ದ, ಉಪಾಧ್ಯಾಯರು ಪ್ರಗತಿಪತ್ರದಲ್ಲಿ ಏನೆಂದು ಬರೆಯುತ್ತಿದ್ದರು ಎಂದು ಕನ್ನಡದಲ್ಲೇ ವಿಚಾರಿಸುವುದು ಈಗ ಕಷ್ಟವಲ್ಲ. ಆ ಅರ್ಧಗಂಟೆಯ ಮಾತು ಆರು ಪ್ರಶ್ನೆಗಳ ಪಟ್ಟಿಗಿಂತ ಹೆಚ್ಚಿನದನ್ನು ವೈದ್ಯರಿಗೆ ತಿಳಿಸೀತು. ದೂರವನ್ನು ಅಳಿಸುವ ಸಾಧನವನ್ನು ಇಂತಹ ವಿಚಾರಣೆಗೆ ಬಳಸುವ ಸೇವೆಗಳೂ, ವಿಚಾರಣೆಯನ್ನೇ ತಪ್ಪಿಸಿಕೊಳ್ಳುವುದಕ್ಕೆ ಬಳಸುವ ಸೇವೆಗಳೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಇವುಗಳ ಅಂತರವನ್ನು ಗುರುತಿಸಿ ಜನರಿಗೆ ತಿಳಿಸುವುದು ನಮ್ಮ ಮನಃಶಾಸ್ತ್ರ ವಿಭಾಗಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯವೆಂದು ಸೂಚಿಸಿ ಈ ವಿವೇಚನೆಯನ್ನು ಮುಗಿಸಬಹುದು.